ಸಾವಿರ ಮೀಟರ್ ಕೆಳಗಿನ ಕಿವಿ

"ಇದು ಪ್ರೊಫೆಸರ್ ಬರೆದ ಕಾಗದ ಅಲ್ಲ ಕಣೇ ವಿನ್ನಿ."

ಇಸೌರಾ ಮೆಡೈರೋಸ್ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆಳಕು ಅನ್ನುವಷ್ಟು ಬೆಳಕೇನೂ ಇರಲಿಲ್ಲ. ಬೆಳಿಗ್ಗೆ ಎಂಟು ಗಂಟೆಯಾಗಿದ್ದರೂ ಬಂದರಿನ ಮೇಲೆ ಮಂಜು ಕದಲದೆ ಕೂತಿತ್ತು. ಕಟ್ಟೆಗೆ ಕಟ್ಟಿದ ಹಡಗುಗಳು ನೀರಿನ ಮೇಲಿವೆಯೋ, ಗಾಳಿಯಲ್ಲಿ ತೇಲುತ್ತಿವೆಯೋ ಹೇಳುವಂತಿರಲಿಲ್ಲ.

"ಕೆಳಗೆ ಅವರ ಹೆಸರಿದೆಯಲ್ಲ. ಲೆಮ್ಯುಯೆಲ್ ಹಾಕ್ಸಿ ಅಂತ."

"ಹೆಸರು ಯಾರು ಬೇಕಾದ್ರೂ ಟೈಪ್ ಮಾಡ್ತಾರೆ. ಒಳಗೆ ಏನಿದೆ ನೋಡು. 'ಕಿವಿಯನ್ನು ಮೇಲೆತ್ತಲು ಅವಸರವಿಲ್ಲ, ಮುಂದಿನ ವರ್ಷವಾದರೂ ಸಾಕು.' ಆಮೇಲೆ ಕಿವಿ ಇರೋ ಜಾಗದ ಲೆಕ್ಕ."

ವಿನ್ನಿ ಕಾಸ್ವೆಲ್ ಕನ್ನಡಕವನ್ನು ಹಣೆಗೇರಿಸಿ ಕಣ್ಣುಜ್ಜಿಕೊಂಡಳು. ದೇಶದ ಅರವತ್ತು ವಿಶ್ವವಿದ್ಯಾಲಯಗಳಲ್ಲಿ ಕಡಲನ್ನು ಓದುವವರು ಸಾವಿರಾರು ಜನ. ಅವರೆಲ್ಲರಿಗೂ ಸೇರಿ ಇರುವುದು ಹದಿನಾರೇ ಹಡಗು. ಯಾವ ಹಡಗು ಯಾರಿಗೆ, ಎಷ್ಟು ದಿನ, ಎಲ್ಲಿಂದ ಎಲ್ಲಿಗೆ ಎಂದು ಹಂಚುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಎದುರಿನ ಗೋಡೆಯ ತುಂಬ ಬಣ್ಣಬಣ್ಣದ ಕಾಗದದ ಪಟ್ಟಿಗಳು. ಒಂದೊಂದು ಪಟ್ಟಿ ಒಬ್ಬೊಬ್ಬರ ಕಡಲಯಾನ. ರಾತ್ರಿ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಆ ಪಟ್ಟಿಗಳು ಮೆಲ್ಲಗೆ ಸರಿಯುತ್ತಿರುತ್ತವೆ ಎಂದು ಅವಳೇ ಹೇಳುತ್ತಿದ್ದಳು.

ಅದರಲ್ಲೊಂದು ನೀಲಿ ಪಟ್ಟಿ ಜಾಗದಿಂದ ಜಾಗಕ್ಕೆ ಸರಿಯುತ್ತಾ ಸರಿಯುತ್ತಾ ಗೋಡೆಯ ಅಂಚಿಗೆ ಹೋಗಿ ನಿಂತಿತ್ತು. ಹದಿನಾಲ್ಕು ತಿಂಗಳ ಹಿಂದೆ 'ಸಾಂತಾ ಇರಿಯಾ' ಎಂಬ ಮೀನುದೋಣಿ ಮೂವರನ್ನು ಹೊತ್ತು ಮಂಜಿನಲ್ಲಿ ಮರೆಯಾಗಿತ್ತು. ಅದೇ ದಿನ, ಅದೇ ನೀರಿನಲ್ಲಿ, ತಿಮಿಂಗಿಲಗಳ ಹಾಡು ಕೇಳಲೆಂದು ಪ್ರೊಫೆಸರ್ ಹಾಕ್ಸಿ ಕಡಲ ತಳಕ್ಕೆ ಇಳಿಬಿಟ್ಟಿದ್ದ ಯಂತ್ರ ಈ 'ಕಿವಿ'. ಅಂದು ಅಲ್ಲಿ ನಡೆದದ್ದನ್ನು ಕೇಳಿಸಿಕೊಂಡ ಸಾಕ್ಷಿ ಇದ್ದರೆ ಅದೊಂದೇ.

ಬಂದರು ಪೊಲೀಸಿನಿಂದ ನಿವೃತ್ತಳಾಗಿದ್ದ ಇಸೌರಾ, ಕಿವಿಯನ್ನು ಹುಡುಕಿ ತರಿಸುವ ಈ ಕೆಲಸ ಒಪ್ಪಿಕೊಂಡದ್ದಕ್ಕೆ ಕಾರಣ ಬೇರೆ ಬೇಕಿರಲಿಲ್ಲ. ಸಾಂತಾ ಇರಿಯಾ ಮೊದಲು ಅವಳ ಗಂಡನ ದೋಣಿ. ಅವನು ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವನು ಅವಳ ಅಕ್ಕನ ಮಗ ಗಿಲ್.

"ಜಾಗದ ಲೆಕ್ಕದಲ್ಲಿ ಏನು ತಪ್ಪಿದೆ?" ವಿನ್ನಿ ಕೇಳಿದಳು.

"ತಪ್ಪಿಲ್ಲ, ಅದೇ ತಪ್ಪು. ನಿನ್ನ ಕಡತದಲ್ಲಿರೋದು ಕಿವಿಯನ್ನ ಎಲ್ಲಿ ಇಳಿಸಬೇಕು ಅಂತಿತ್ತೋ ಆ ಜಾಗ. ಅವತ್ತು ಸೆಳೆತ ಜೋರಿತ್ತು, ಅರ್ಧ ಮೈಲಿ ಆಚೆ ಬಿತ್ತು ಅಂತ ಪ್ರೊಫೆಸರೇ ಹಿಂದೆ ನಂಗೆ ಹೇಳಿದ್ರು. ಈ ಕಾಗದದಲ್ಲಿರೋದು ಅದು ನಿಜವಾಗಿ ಬಿದ್ದ ಜಾಗ."

"ಹಾಗಾದ್ರೆ ಪ್ರೊಫೆಸರೇ ಬರೆದಿರಬೇಕಲ್ಲ?"

"ಅವರ ಬೇರೆ ಕಾಗದ ತೆಗಿ."

ವಿನ್ನಿ ಕಪಾಟಿನಿಂದ ನಾಲ್ಕೈದು ಹಾಳೆ ತೆಗೆದು ಹರಡಿದಳು. ಎಲ್ಲದರಲ್ಲೂ ಹಾಕ್ಸಿ ಜಾಗವನ್ನು ಗಣಿತದವರಂತೆ ಬರೆದಿದ್ದರು: ಡಿಗ್ರಿ, ಚುಕ್ಕಿ, ಚುಕ್ಕಿಯ ಮುಂದೆ ಐದಾರು ಅಂಕಿ. ಇಸೌರಾಳ ಕೈಯಲ್ಲಿದ್ದ ಕಾಗದದಲ್ಲಿ ಡಿಗ್ರಿ ಬೇರೆ, ಮಿನಿಟು ಬೇರೆ.

"ನನ್ನ ಗಂಡ ಹೀಗೇ ಬರೀತಿದ್ದ," ಎಂದಳು ಇಸೌರಾ. "ಚುಕ್ಕಾಣಿ ಹಿಡಿಯೋ ಜನ ಎಲ್ಲರೂ ಹೀಗೇ ಬರೀತಾರೆ."

ವಿನ್ನಿ ಫೋನೆತ್ತಿ ಹಾಕ್ಸಿಯವರಿಗೆ ಕರೆ ಮಾಡಿದಳು. ತಿಮಿಂಗಿಲದ ಪಿಸುಮಾತನ್ನೂ ಬಿಡದೆ ದಾಖಲಿಸುವ ಎಪ್ಪತ್ತನಾಲ್ಕರ ಆ ವಿದ್ವಾಂಸರಿಗೆ ಸ್ವಂತ ಕಿವಿ ಮುಕ್ಕಾಲು ಮಂದ. ಅವರ ಕೂಗು ಇಡೀ ಕೋಣೆಗೆ ಕೇಳಿಸಿತು.

"ಅವಸರ ಇಲ್ಲ ಅಂತ ನಾನು ಬರೆದಿದೀನಾ? ಯಾವ ಕತ್ತೆ ಹೇಳಿದ್ದು? ಶುಕ್ರವಾರ ಅದರ ಬ್ಯಾಟರಿ ಮುಗಿಯುತ್ತೆ! ಆಮೇಲೆ ಎಷ್ಟು ಕರೆದ್ರೂ ಅದು ಮೇಲೆ ಬರಲ್ಲ! ನೀವೇ ಮುಂದೆ ಹಾಕ್ತಾ ಇದೀರಿ ಅಂತ ನಾನು ಹಲ್ಲು ಕಚ್ಚಿಕೊಂಡು ಕೂತಿದ್ರೆ..."

"ಬಿದ್ದ ಜಾಗ ಯಾರಿಗೆ ಗೊತ್ತು ಪ್ರೊಫೆಸರೇ?" ಇಸೌರಾ ಫೋನಿಗೆ ಬಾಯಿಟ್ಟು ಕೂಗಿದಳು.

"ನನ್ನ ನೋಟುಬುಕ್ಕಿಗೆ ಗೊತ್ತು. ಇಳಿಸಿದ ಹಡಗಿಗೆ ಗೊತ್ತು. ಇನ್ಯಾರಿಗೆ?"

ಇಳಿಸಿದ ಹಡಗು 'ಪ್ಲೋವರ್'. ಅದರ ಕ್ಯಾಪ್ಟನ್ ಡೆಸ್ಮಂಡ್ ರೂಕ್.

ವಿನ್ನಿ ಫೋನಿಟ್ಟು ಸುಮ್ಮನೆ ಗೋಡೆ ನೋಡಿದಳು. ಇವತ್ತು ಬುಧವಾರ. ಹದಿನಾರರಲ್ಲಿ ಒಂದು ಹಡಗು ಐಸ್‌ಲ್ಯಾಂಡ್ ಬಳಿ, ಎರಡು ದುರಸ್ತಿಯಲ್ಲಿ, ಉಳಿದವು ಇನ್ನೆಲ್ಲೆಲ್ಲೋ. ಶುಕ್ರವಾರದೊಳಗೆ ಆ ಜಾಗ ಮುಟ್ಟಬಲ್ಲ ಹಡಗು ಗೋಡೆಯ ಮೇಲೆ ಒಂದೇ ಒಂದಿತ್ತು.

"ಪ್ಲೋವರ್ ಇವತ್ತು ಮಧ್ಯಾಹ್ನ ಹೊರಡುತ್ತೆ," ಎಂದಳು ವಿನ್ನಿ ಮೆತ್ತಗೆ. "ಬೇರೆ ಕಡೆಗೆ. ಕೆಸರು ಹುಳುಗಳ ಮೇಲೆ ಕೆಲಸ ಮಾಡೋ ಹೆಂಗಸಿಗೆ ಕೊಟ್ಟಿದೀನಿ. ಅದು ಬಿಟ್ರೆ ಯಾವುದೂ ಇಲ್ಲ ಕಣೇ."

"ಒಳ್ಳೇದೇ ಆಯ್ತು. ಬಚ್ಚಿಟ್ಟವನ ಕೈಯಲ್ಲೇ ತೆಗೆಸೋಣ."

"ತಲೆ ಕೆಟ್ಟಿದೆಯಾ ನಿಂಗೆ? ನಡುಗಡಲಲ್ಲಿ ಅವನ ಹಡಗಲ್ಲಿ ನೀನೊಬ್ಬಳೇ?"

"ಪ್ರೊಫೆಸರ್ ಇರ್ತಾರೆ."

"ಓಹೋ, ಭಾರಿ ಬಲ! ನೀನು ಕಿರುಚಿದ್ರೂ ಅವರಿಗೆ ಕೇಳಿಸಲ್ಲ."

ಆದರೂ ಅವಳು ಮತ್ತೆ ಫೋನೆತ್ತಿದಳು. ಮುಂದಿನ ಅರ್ಧ ಗಂಟೆ ಇಸೌರಾ ಸಿಹಿ ಬ್ರೆಡ್ಡಿನ ಚೂರು ಅಗಿಯುತ್ತಾ ಗೆಳತಿಯ ಕಸುಬು ನೋಡಿದಳು. ವಿನ್ನಿ ಬೇಡಿದಳು, ಗದರಿದಳು, ನಕ್ಕಳು. "ನಿಮ್ಮ ಹುಳುಗಳು ಕೆಸರಲ್ಲಿ ಹತ್ತು ಸಾವಿರ ವರ್ಷದಿಂದ ಇವೆ ತಾಯಿ, ಇನ್ನೆರಡು ದಿನ ಎಲ್ಲಿಗೆ ಓಡಿಹೋಗ್ತಾವೆ?" ಕೊನೆಗೆ ಸೆಪ್ಟೆಂಬರಿನಲ್ಲಿ ಮೂರು ದಿನ ಕೊಡುತ್ತೇನೆಂದು ಮಾತು ಕೊಟ್ಟು, ಹಸಿರು ಪಟ್ಟಿ ಕಿತ್ತು, ಆ ಜಾಗದಲ್ಲಿ ನೀಲಿ ಪಟ್ಟಿ ಚುಚ್ಚಿದಳು.

"ಎರಡು ದಿನ. ಅದಕ್ಕಿಂತ ಒಂದು ಗಂಟೆ ಹೆಚ್ಚಿಲ್ಲ."

*

ಗುರುವಾರ ಬೆಳಿಗ್ಗೆ ಪ್ಲೋವರ್ ಎಂಜಿನ್ ತಗ್ಗಿಸಿ ನಿಂತಾಗ ಸುತ್ತ ಯಾವ ದಿಕ್ಕೂ ಇರಲಿಲ್ಲ. ಮೇಲೆ ಬಿಳುಪು, ಕೆಳಗೆ ಬಿಳುಪು, ನಡುವೆ ಹಡಗು ಹಾಲಿನ ಬಟ್ಟಲಲ್ಲಿ ಬಿದ್ದ ಎಲೆಯಂತೆ ತೂಗುತ್ತಿತ್ತು. ರಾತ್ರಿಯಿಡೀ ತೂಗಿಸಿಕೊಂಡ ಇಸೌರಾಳಿಗೆ ತಾನು ಎದ್ದಿದ್ದೇನೋ, ಇನ್ನೂ ನಿದ್ದೆಯಲ್ಲೇ ನಡೆಯುತ್ತಿದ್ದೇನೋ ಅನ್ನಿಸುತ್ತಿತ್ತು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಚುಕ್ಕಾಣಿ ಕೋಣೆಗೆ ಬಂದಳು.

ಕ್ಯಾಪ್ಟನ್ ರೂಕ್ ಒಬ್ಬನೇ ಇದ್ದ. ಐವತ್ತೆಂಟರ ಎತ್ತರದ ಆಳು, ಮಾತು ಕಡಿಮೆ. ಗಿಲ್ ಮತ್ತು ಜೊತೆಗಾರರಿಗಾಗಿ ಇಗರ್ಜಿಯಲ್ಲಿ ಪ್ರಾರ್ಥನೆ ನಡೆದ ದಿನ ಈ ಮನುಷ್ಯ ಮಳೆಯಲ್ಲಿ ಹೊರಗೇ ನಿಂತಿದ್ದ. ಒಳಗೆ ಬನ್ನಿ ಎಂದು ಆಗ ಕರೆದವಳು ಇಸೌರಾಳೇ. ಅವನು ತಲೆಯಾಡಿಸಿ ಹೋಗಿಬಿಟ್ಟಿದ್ದ. ಒಳ್ಳೆಯವನು, ಸಂಕೋಚದವನು ಎಂದುಕೊಂಡಿದ್ದಳು.

ಅವಳು ಕಾಗದವನ್ನು ನಕ್ಷೆಯ ಮೇಜಿನ ಮೇಲಿಟ್ಟಳು.

"ಇದನ್ನ ಬರೆದವರು ನೀವು."

ರೂಕ್ ಕಾಗದವನ್ನು ಮುಟ್ಟಲಿಲ್ಲ. "ಯಾರು ಹೇಳಿದ್ದು ಮಿಸೆಸ್ ಮೆಡೈರೋಸ್?"

"ಕಾಗದವೇ ಹೇಳ್ತು. ವಿದ್ವಾಂಸರ ಹೆಸರು, ನಾವಿಕನ ಲೆಕ್ಕ. ಈ ಜಾಗ ಬರೆದಿರೋದು ಪ್ರೊಫೆಸರರ ನೋಟುಬುಕ್ಕಲ್ಲಿ ಬಿಟ್ರೆ ನಿಮ್ಮ ದಿನಚರಿ ಪುಸ್ತಕದಲ್ಲಿ ಮಾತ್ರ."

"ನನ್ನ ಹಡಗಲ್ಲಿ ಹನ್ನೆರಡು ಜನ ಇದ್ದಾರೆ."

"ಇದ್ದಾರೆ. ಆದ್ರೆ ನಿನ್ನೆ ಕಟ್ಟೆ ಮೇಲೆ ಎಲ್ಲಿಗೆ ಹೋಗ್ತಿದೀವಿ ಅಂತ ಹೇಳಿದಾಗ, ಆ ಹನ್ನೆರಡರಲ್ಲಿ ಬೆಳ್ಳಗಾದ ಮುಖ ಒಂದೇ."

ಕೆಳಗೆ ಹಿಂಬದಿಯ ಡೆಕ್ಕಿನ ಮೇಲೆ ಪ್ರೊಫೆಸರ್ ಹಾಕ್ಸಿ ನೀರಿಗೆ ತಂತಿಯೊಂದನ್ನು ಇಳಿಬಿಟ್ಟು, ಪೆಟ್ಟಿಗೆಯ ಗುಂಡಿ ಒತ್ತಿದರು. ಕಡಲಿನೊಳಗೆ ಒಂದು ಕರೆ ಹೋಯಿತು.

ಏನೂ ಇಲ್ಲ.

ಮತ್ತೊಮ್ಮೆ ಒತ್ತಿದರು. ಚುಕ್ಕಾಣಿ ಕೋಣೆಯ ಗೋಡೆಯಲ್ಲಿದ್ದ ಸ್ಪೀಕರಿನಿಂದ ನೀರಿನ ಉಸಿರಷ್ಟೇ ಕೇಳಿಸಿತು. ರೂಕ್‌ನ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. ಅದು ಉತ್ತರಿಸಲೆಂದು ಕಾಯುತ್ತಿದ್ದಾನೋ, ಉತ್ತರಿಸದಿರಲೆಂದೋ, ಇಸೌರಾಳಿಗೆ ತಿಳಿಯಲಿಲ್ಲ.

ಮೂರನೇ ಕರೆಗೆ, ಸಾವಿರ ಮೀಟರ್ ಕೆಳಗಿನ ಕತ್ತಲೆಯಿಂದ, ಸಣ್ಣ ಗಾಜಿನ ಲೋಟವನ್ನು ಉಗುರಿನಿಂದ ತಟ್ಟಿದಂತೆ ಸದ್ದೊಂದು ಬಂತು.

ಟಿಣ್.

"ಎದ್ದಿದೆ!" ಕೆಳಗಿನಿಂದ ಹಾಕ್ಸಿ ಕೂಗಿದರು. ಅವರು ಕೇಳಿಸಿಕೊಂಡದ್ದಲ್ಲ, ಪೆಟ್ಟಿಗೆಯ ಮೇಲೆ ದೀಪ ಮಿನುಗಿದ್ದನ್ನು ಕಂಡದ್ದು. "ತಳದ ಭಾರದ ಕೊಂಡಿ ಬಿಟ್ಟಿದೆ! ಇಪ್ಪತ್ತು ನಿಮಿಷ!"

ಟಿಣ್. ಟಿಣ್. ಕಿವಿ ಮೇಲೇರತೊಡಗಿತು.

ರೂಕ್ ಕುರ್ಚಿಯಲ್ಲಿ ಕುಸಿದು ಕೂತ.

"ಅವತ್ತೂ ಇಂಥದೇ ಮಂಜು," ಎಂದ.

ಇಸೌರಾ ಅಲುಗಾಡಲಿಲ್ಲ. ಇಂಥ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಿದರೂ ಬಾಯಿ ಮುಚ್ಚಿಹೋಗುತ್ತದೆಂದು ಮೂವತ್ತು ವರ್ಷದ ಪೊಲೀಸು ಕೆಲಸ ಕಲಿಸಿತ್ತು.

"ಕಿವಿ ಇಳಿಸಿ ಮನೆ ಕಡೆ ತಿರುಗಿದ್ವಿ. ರಾಡಾರ್ ಬೆಳಿಗ್ಗೆನೇ ಕೆಟ್ಟಿತ್ತು. ನಿಧಾನ ಹೋಗಬೇಕಿತ್ತು. ಆದ್ರೆ ಮುಂದಿನ ತಂಡ ಸಾಮಾನು ಸಮೇತ ಕಟ್ಟೆ ಮೇಲೆ ಕಾಯ್ತಿತ್ತು. ನಾವು ಒಂದು ದಿನ ತಡ ಮಾಡಿದ್ರೆ ಅವರಿಗೆ ತಡ, ಅವರಿಂದ ಇನ್ನೊಬ್ಬರಿಗೆ. ವಿನ್ನಿಯ ಗೋಡೆ ಪೂರ್ತಿ ಕುಸಿಯುತ್ತೆ. ಹಂಚಿಕೊಂಡು ತಿನ್ನೋ ಮನೆಯಲ್ಲಿ ಒಬ್ಬ ಹೆಚ್ಚು ಹೊತ್ತು ಕೂತ್ರೆ ಉಳಿದವರು ಉಪವಾಸ. ಪೂರ್ತಿ ವೇಗದಲ್ಲಿ ಬಿಟ್ಟೆ."

ಟಿಣ್.

"ಮೂರು ಮೈಲಿ ಹೋಗಿರಬೇಕು. ಮೂತಿಗೆ ಏನೋ ತಾಗಿತು. ದೊಡ್ಡ ಸದ್ದೂ ಅಲ್ಲ. ಪಾತ್ರೆಯ ಮುಚ್ಚಳ ಬಿದ್ದ ಹಾಗೆ. ಕೆಳಗಿದ್ದವರಿಗೆ ಗೊತ್ತೇ ಆಗಲಿಲ್ಲ. ಪ್ರೊಫೆಸರ್ ಮಲಗಿದ್ರು. ನಾನು ನಿಲ್ಲಿಸಿದೆ. ನಲವತ್ತು ನಿಮಿಷ ಸುತ್ತು ಹಾಕಿದೆ. ನಡುನಡುವೆ ಎಂಜಿನ್ ಆರಿಸಿ ಕೂಗಿದೆ, ಸೀಟಿ ಊದಿದೆ. ಯಾರೂ ಓಗೊಡಲಿಲ್ಲ. ಒಂದು ಹಲಗೆ ಚೂರಿಲ್ಲ, ಒಂದು ಹನಿ ಎಣ್ಣೆ ಇಲ್ಲ. ಮರದ ದಿಮ್ಮಿ ತಾಗಿತು ಅಂತ ಪುಸ್ತಕದಲ್ಲಿ ಬರೆದೆ. ನಿಜವಾಗ್ಲೂ ಹಾಗೇ ಅಂದ್ಕೊಂಡೆ."

"ಮೂರು ದಿನ ಆದ್ಮೇಲೆ?"

"ಮೂರು ದಿನ ಆದ್ಮೇಲೆ ಸಾಂತಾ ಇರಿಯಾ ಬರಲಿಲ್ಲ ಅಂತ ಕೇಳಿದೆ." ಅವನ ದನಿ ಸಣ್ಣದಾಯಿತು. "ಆವಾಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಿಮ್ಮಕ್ಕ ಮೀನು ಮಾರೋ ಬೀದಿಯಲ್ಲಿ ನಾನು ಹದಿನಾಲ್ಕು ತಿಂಗಳಿಂದ ಕಾಲಿಟ್ಟಿಲ್ಲ ಮಿಸೆಸ್ ಮೆಡೈರೋಸ್. ಒಂದು ಕಾಗದ ಬರೆದ್ರೆ ಸಾಕು, ಬ್ಯಾಟರಿ ತಾನೇ ಸಾಯುತ್ತೆ, ಅದರ ಜೊತೆ ಇದೂ ಸಾಯುತ್ತೆ ಅಂದ್ಕೊಂಡೆ."

ಇಸೌರಾಳ ಎದೆಯಲ್ಲಿ ಸಿಟ್ಟು ಏಳಬೇಕಿತ್ತು. ಎಷ್ಟೋ ತಿಂಗಳಿಂದ ಅದನ್ನು ಕಾದಿರಿಸಿಕೊಂಡಿದ್ದಳು. ಆದರೆ ಆ ಬಿಳುಪಿನ ನಡುವೆ, ಆ ತೂಗಾಟದಲ್ಲಿ, ಸಿಟ್ಟೂ ಎಲ್ಲೋ ದೂರದ ದಡದಲ್ಲಿ ನಿಂತು ಕೈಬೀಸುತ್ತಿದ್ದಂತೆ ಕಂಡಿತು. ಗಿಲ್ ಐದು ವರ್ಷದವನಿದ್ದಾಗ ದೋಣಿಯ ಬಲೆಯ ರಾಶಿಯಲ್ಲಿ ಮಲಗಿದ್ದವನ ಕೂದಲಿಂದ ತಾನು ಮೀನಿನ ಪೊರೆ ಆರಿಸಿದ್ದು ನೆನಪಾಯಿತು.

"ಮನೆಗೆ ಹೋದ್ಮೇಲೆ ಇದನ್ನೇ ಅಕ್ಕನ ಎದುರು ನಿಂತು ಹೇಳ್ತೀರಿ," ಎಂದಳು.

"ಹೇಳ್ತೀನಿ."

ಮಂಜಿನೊಳಗಿಂದ, ಕಿವಿಯನ್ನು ತೇಲಿಸುವ ಮೂರು ಹಳದಿ ಗೋಲಗಳು ನೀರನ್ನೊಡೆದು ಮೇಲೆ ಬಂದವು.

*

ಯಂತ್ರದ ಹೊಟ್ಟೆಯಿಂದ ತೆಗೆದ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಹಾಕ್ಸಿಯವರ ಚಿಕ್ಕ ಕೋಣೆಯಲ್ಲಿ ಮೂವರೂ ಒತ್ತಿಕೊಂಡು ಕೂತರು. ಅಡುಗೆಯವನು ತಂದಿಟ್ಟ ಚಿಪ್ಪುಮೀನಿನ ಸಾರು ಯಾರೂ ಮುಟ್ಟದೆ ಕೆನೆಗಟ್ಟಿತು.

"ನಾನು ನೋಡ್ತೀನಿ, ನೀವು ಕೇಳಿ," ಎಂದರು ಹಾಕ್ಸಿ. ಪರದೆಯ ಮೇಲೆ ಸದ್ದುಗಳು ಬಣ್ಣದ ಗೆರೆಗಳಾಗಿ ಹರಿಯುತ್ತಿದ್ದವು. "ಪ್ರತಿ ಎಂಜಿನ್ನಿಗೂ ಅದರದೇ ಗೆರೆ. ಮನುಷ್ಯರ ನಡಿಗೆ ಇದ್ದ ಹಾಗೆ."

ಇಸೌರಾ ಕಿವಿಗೆ ಇಯರ್‌ಫೋನ್ ಏರಿಸಿದಳು. ಕಡಲು ಅವಳ ತಲೆಯೊಳಗೆ ತೆರೆದುಕೊಂಡಿತು. ಮೊದಲು ದೂರದ ತಿಮಿಂಗಿಲವೊಂದು ಕನಸಿನಲ್ಲಿ ಯಾರನ್ನೋ ಕರೆದಂತೆ ಉದ್ದಕ್ಕೆ ನರಳಿತು. ಅದರ ಮೇಲೆ ಭಾರದ, ಸಮನಾದ ಗುಡುಗುಡು ಸದ್ದು.

"ಅದು ಪ್ಲೋವರ್," ಎಂದರು ಹಾಕ್ಸಿ ಗೆರೆ ತೋರಿಸಿ. "ದೂರ ಹೋಗ್ತಿದೆ. ಇಲ್ಲಿ ನೋಡಿ, ಒಂದು ಚುಕ್ಕೆ. ಹೊಡೆತ."

ಇಸೌರಾಳಿಗೂ ಕೇಳಿಸಿತು. ಪಾತ್ರೆಯ ಮುಚ್ಚಳ. ರೂಕ್ ಕಣ್ಣು ಮುಚ್ಚಿದ. ಆಮೇಲೆ ಅವನು ಹೇಳಿದಂತೆಯೇ ಎಲ್ಲ ನಡೆಯಿತು. ಎಂಜಿನ್ ನಿಂತಿತು, ಶುರುವಾಯಿತು, ಸುತ್ತಿತು, ಮತ್ತೆ ನಿಂತಿತು. ನಲವತ್ತು ನಿಮಿಷ. ಕೊನೆಗೆ ಗುಡುಗುಡು ಸದ್ದು ಸಣ್ಣದಾಗಿ, ಸಣ್ಣದಾಗಿ, ಇಲ್ಲವಾಯಿತು.

"ಸಾಕು," ಎಂದ ರೂಕ್. "ದಯವಿಟ್ಟು ನಿಲ್ಲಿಸಿ."

"ಇರಿ," ಎಂದಳು ಇಸೌರಾ.

ನಿಶ್ಶಬ್ದದಲ್ಲಿ ಏನೋ ಕೆಮ್ಮಿತು. ಒಮ್ಮೆ, ಇನ್ನೊಮ್ಮೆ. ಆಮೇಲೆ ಹಗುರವಾದ ಟಕಟಕ ಸದ್ದು ಶುರುವಾಗಿ ನೆಲೆಗೊಂಡಿತು. ನಾಲ್ಕು ಬಡಿತ, ಒಂದು ಎಡವು. ನಾಲ್ಕು ಬಡಿತ, ಒಂದು ಎಡವು.

ಹತ್ತೊಂಬತ್ತು ವರ್ಷ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಆ ಎಡವಿಗಾಗಿ ಕಾದವಳು ಅವಳು. ಅದು ಕೇಳಿಸಿದ ಮೇಲೆಯೇ ಒಲೆಯ ಮೇಲೆ ಸಾರು ಇಡುತ್ತಿದ್ದುದು.

"ಸಾಂತಾ ಇರಿಯಾ," ಎಂದಳು. ತನ್ನ ದನಿ ತನಗೇ ಬೇರೆಯವರದೆನಿಸಿತು. "ಅದು ಮುಳುಗಿಲ್ಲ."

ರೂಕ್ ಮೇಲೆದ್ದ. ತಲೆ ತೊಲೆಗೆ ತಾಗಿದ್ದೂ ಅವನಿಗೆ ತಿಳಿಯಲಿಲ್ಲ. "ಮುಳುಗಿಲ್ವಾ? ನಾನು... ನಾನು ಕೊಂದಿಲ್ವಾ?"

"ನೀವು ಹೋದ್ಮೇಲೆ ಎಂಜಿನ್ ಹಾಕಿದ್ದಾರೆ."

"ಹಾಗಾದ್ರೆ ನಾನು ಕೂಗಿದಾಗ?" ಅವನ ಮುಖದಲ್ಲಿ ಬಂದ ನೆಮ್ಮದಿ ಅಲ್ಲೇ ಹೆಪ್ಪುಗಟ್ಟಿತು. "ನಲವತ್ತು ನಿಮಿಷ ಮಂಜಲ್ಲಿ ನಿಂತು ಕೂಗಿದೀನಿ. ಅವರು ಅಲ್ಲೇ ಇದ್ರಾ? ಕೇಳಿಸ್ಕೊಂಡು ಸುಮ್ಮನಿದ್ರಾ?"

ಹಾಕ್ಸಿ ಪರದೆಗೆ ಮೂಗು ತಾಗಿಸಿ ಕೂತಿದ್ದರು.

"ಸದ್ದು ಜೋರಾಗ್ತಿದೆ ನೋಡಿ," ಎಂದರು. "ದೋಣಿ ನಮ್ಮ ಕಿವಿಯ ಕಡೆಗೆ ಬರ್ತಿದೆ. ಇಲ್ಲಿ ನೆತ್ತಿಯ ಮೇಲೆ. ಇಲ್ಲಿಂದ ಮತ್ತೆ ಸಣ್ಣದು. ದಾಟಿ ಹೋಯ್ತು."

ಇಸೌರಾ ನಕ್ಷೆ ಎಳೆದುಕೊಂಡಳು. ಹೊಡೆತ ಬಿದ್ದದ್ದು ಕಿವಿಯಿಂದ ಮೂರು ಮೈಲಿ, ಮನೆಯ ದಿಕ್ಕಿಗೆ. ಅಲ್ಲಿಂದ ದೋಣಿ ಕಿವಿಯ ನೆತ್ತಿಯ ಮೇಲೆ ಹಾದುಹೋಗಿದ್ದರೆ ಅದು ಮನೆಗೆ ಬೆನ್ನು ಹಾಕಿ ಹೊರಟಿದೆ. ಎರಡು ಚುಕ್ಕೆಗಳನ್ನು ಸೇರಿಸಿ ಪೆನ್ಸಿಲನ್ನು ಮುಂದಕ್ಕೆಳೆದಳು.

"ಈ ಕಡೆ ಏನಿದೆ ಕ್ಯಾಪ್ಟನ್?"

"ಏನಿಲ್ಲ. ನೀರು." ರೂಕ್ ಗೆರೆಯನ್ನೇ ನೋಡಿದ. "ಅಷ್ಟು ಸಣ್ಣ ದೋಣಿ ತಾನಾಗೇ ಹೋಗೋ ದಾರಿ ಅಲ್ಲ ಅದು. ಯಾರೋ ಅಲ್ಲಿ ಕಾಯ್ತಿರಬೇಕು."

"ಹಾಗಾದ್ರೆ ನಾವೂ ಅದೇ ಗೆರೆ ಹಿಡಿಯೋಣ. ಈ ದಾರೀಲಿ ಬೇರೆಯವರ ಕಿವಿ ಇಳಿಬಿಟ್ಟಿರೋದು ಇದೆಯಾ ಪ್ರೊಫೆಸರೇ?"

"ಎರಡಿವೆ! ಕೆನಡಾದವರದು!" ಹಾಕ್ಸಿ ಎಗರಿದರು. "ನಲವತ್ತು ಮೈಲಿ. ಆದ್ರೆ ಇನ್ನೊಂದು ದಿನ ಬೇಕು."

ದಿನ ಕೇಳಬೇಕಾದವಳು ಒಬ್ಬಳೇ. ಇಸೌರಾ ಚುಕ್ಕಾಣಿ ಕೋಣೆಗೆ ಹತ್ತಿ ಉಪಗ್ರಹ ಫೋನಿನಲ್ಲಿ ಕಚೇರಿಗೆ ಕರೆ ಮಾಡಿದಳು. ಒಂದೇ ರಿಂಗಿಗೆ ವಿನ್ನಿ ಎತ್ತಿದಳು.

"ವಿನ್ನಿ, ನಂಗೆ ಇನ್ನೊಂದು ದಿನ ಬೇಕು."

"ಇಸೌರಾ..."

"ಬೈಬೇಡ, ಮೊದಲು ಕೇಳು. ರೂಕ್ ದೋಣಿಗೆ ಹಡಗು ಗುದ್ದಿಸಿದ್ದು ನಿಜ. ಆದ್ರೆ ದೋಣಿ ಮುಳುಗಿಲ್ಲ. ನಾನೇ ಕೇಳಿದೆ, ನನ್ನ ಕಿವಿಯಾರೆ. ಪಟ್ಟಿ ಮೇಲೆ ಕಾರಣ ಬರೀಬೇಕು ತಾನೆ? ಬದುಕಿರೋ ಮೂರು ಜನರನ್ನ ಹುಡುಕೋಕೆ ಅಂತ ಬರಿ."

ಆ ತುದಿಯಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ವಿನ್ನಿಯ ಉಸಿರು ಫೋನಿಗೆ ತೀರಾ ಹತ್ತಿರ ಬಂತು. ಪಕ್ಕದಲ್ಲಿರುವವರಿಗೆ ಕೇಳಿಸಬಾರದೆಂಬಂತೆ ಅವಳು ಮಾತಾಡಿದಳು.

"ಎರಡು ಜನ ಅಂತ ಬರೀತೀನಿ ಕಣೇ. ಕಾಲು ಗಂಟೆ ಮುಂಚೆ ಒಬ್ಬ ಬಂದ. ಪ್ಲೋವರ್ ಆ ಕಿವಿಯನ್ನ ಎತ್ತಿಬಿಟ್ಟಿತಾ ಅಂತ ಕೇಳಿದ. ಹೆಸರು ಬರೀಪ್ಪಾ ಅಂತ ಪುಸ್ತಕ ಕೊಟ್ಟೆ, ಬರೆದ. ನಿನ್ನ ಅಕ್ಕನ ಮಗ ಗಿಲ್ ಈಗ ನನ್ನೆದುರು ಕೂತಿದಾನೆ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿದಾನೆ."